ಹಿಂದಿನ ಪಾಲಿಗೆ ದಾರಿ ಎಲ್ಲಿ?

ಆಂಧ್ರದ ರಾಯದುರ್ಗದ ಕೋಟೆಬೆಟ್ಟದ ಕೆಳಗಿನ ಹಳೇ ಬೀದಿಗಳಲ್ಲಿ ಮನೆಗಳಿಗೆ ಅಗಲ ಕಡಿಮೆ, ಉದ್ದ ಜಾಸ್ತಿ. ಅಣ್ಣತಮ್ಮಂದಿರು ಬೇರೆಯಾದರೆ ನಡುಮನೆಯಲ್ಲಿ ಉದ್ದಕ್ಕೊಂದು ಗೋಡೆ ಎಬ್ಬಿಸುವುದು ವಾಡಿಕೆ. ಇಬ್ಬರಿಗೂ ಬೀದಿಬಾಗಿಲು ಸಿಕ್ಕಿತು, ನ್ಯಾಯ ಮುಗಿಯಿತು. ಮೊಮ್ಮಕ್ಕಳ ಕಾಲಕ್ಕೆ ಅದೇ ಪಾಲು ಇನ್ನೊಮ್ಮೆ ಸೀಳಿದರೆ ಮಂಚ ಅಡ್ಡ ಹಾಕಲೂ ಜಾಗವಿಲ್ಲ. ಜೀನ್ಸ್ ಹೊಲಿಯುವ ಮಿಷನ್ನನ್ನೂ ಅಲ್ಲೇ ಇಟ್ಟುಕೊಂಡವರ ಪಾಡು ಕೇಳಬೇಡಿ.

ನಮ್ಮಪ್ಪ ಹೊಸ ಬಡಾವಣೆಯಲ್ಲಿ ಕೊಂಡಿದ್ದ ನಿವೇಶನ 40 ಅಡಿ ಅಗಲ, 60 ಅಡಿ ಉದ್ದದ್ದು. ಸೆಂಟಿನ ಲೆಕ್ಕದಲ್ಲಿ ಐದೂವರೆ. ರಸ್ತೆ ಒಂದೇ ಕಡೆ. ನಾನೂ ತಮ್ಮನೂ ಹಂಚಿಕೊಳ್ಳಲು ಕೂತಾಗ ಹಿರಿಯರೆಲ್ಲ ಹೇಳಿದ್ದು ಹಳೇ ಬೀದಿಯ ನ್ಯಾಯವನ್ನೇ: ಉದ್ದಕ್ಕೆ ಸೀಳಿ, ತಲೆಗೆ 20 ಅಡಿ. ಪ್ಲಾನು ಹಾಕುವ ಎಲ್‌ಟಿಪಿ (ಪರವಾನಗಿ ಪಡೆದ ತಾಂತ್ರಿಕರು) ಮಾತ್ರ ಪೆನ್ಸಿಲ್ ತೆಗೆದು ಲೆಕ್ಕ ತೋರಿಸಿದರು. 20×60 ಅಂದರೆ 111 ಚದರ ಮೀಟರ್. ಆಂಧ್ರದ 2017ರ ಕಟ್ಟಡ ನಿಯಮಗಳ ಪ್ರಕಾರ 100 ಚದರ ಮೀಟರ್ ದಾಟಿದ ಇಂಥ ನಿವೇಶನದಲ್ಲಿ ಮುಂದೆ ಒಂದೂವರೆ ಮೀಟರ್ ಬಿಟ್ಟು, ಉಳಿದ ಕಡೆಯೂ ಒಂದೊಂದು ಮೀಟರ್ ಬಿಡಬೇಕು. ಎರಡು ಪಕ್ಕ ಸೇರಿ ಆರೂವರೆ ಅಡಿ ಹೋದರೆ ಮನೆಗೆ ಉಳಿಯುವ ಅಗಲ ಹದಿಮೂರೂವರೆ. ಇಬ್ಬರ ನಡುವೆ ಯಾರಿಗೂ ಬೇಡದ ಎರಡು ಮೀಟರಿನ ಸಂದು.

ಹಾಗಾಗಿ ಅಡ್ಡಕ್ಕೆ ಸೀಳಿದೆವು. ಹಿಂದಿನ ಪಾಲಿಗೆ ಒಂದು ಪಕ್ಕದಲ್ಲಿ 10 ಅಡಿಯ ಓಣಿ ಬಿಟ್ಟೆವು. ಮುಂದಿನವನಿಗೆ 30×30, ಹಿಂದಿನವನಿಗೆ 40×30, ಜೊತೆಗೆ ಓಣಿ. ಮುಂದಿನ ಪಾಲು 100 ಚದರ ಮೀಟರಿನ ಒಳಗೆ ಬಂದದ್ದರಿಂದ ಪಕ್ಕ ಬಿಡುವ ಬಿಗಿಯೂ ಸಡಿಲವಾಯಿತು. ಚದರಡಿ ಕಡಿಮೆ ಬಂದವನಿಗೆ ರಸ್ತೆಯ ಮುಖ ಸಿಕ್ಕಿತು. ಬೆಲೆ ಕಟ್ಟಿ ವ್ಯತ್ಯಾಸವನ್ನು ಹಣದಲ್ಲಿ ಸರಿಮಾಡಿಕೊಂಡೆವು. ಅಳತೆ ಸಮವಾದರೆ ಪಾಲು ಸಮವಾಯಿತು ಅನ್ನುವವರ ಜೊತೆ ಇವತ್ತಿಗೂ ನಾನು ವಾದಕ್ಕೆ ನಿಲ್ಲುತ್ತೇನೆ.

ಕ್ಯಾಲಿಫೋರ್ನಿಯಾದಲ್ಲಿರುವ ಚಿಕ್ಕಪ್ಪನ ಮಗಳಿಗೆ ಇದನ್ನು ಹೇಳಿದರೆ ನಕ್ಕಳು. ಅಲ್ಲಿಯ ಎಷ್ಟೋ ಬಡಾವಣೆಗಳಲ್ಲಿ ಒಂದು ನಿವೇಶನಕ್ಕೆ ಒಂದೇ ಸಂಸಾರದ ಮನೆ ಎಂಬುದೇ ಕಾನೂನಾಗಿತ್ತಂತೆ. 2022ರ ಜನವರಿಯಿಂದ ಎರಡು ಮಾಡಲು ಬಿಟ್ಟಿದ್ದಾರೆ. ಆದರೆ ಪ್ರತಿ ತುಂಡೂ 1,200 ಚದರಡಿಗೆ ಕಡಿಮೆ ಇರಬಾರದು, ಸಣ್ಣದು ಮೂಲ ನಿವೇಶನದ ಶೇ. 40ಕ್ಕೆ ಇಳಿಯಬಾರದು. ನಮ್ಮ ಮುಂದಿನ ಪಾಲು 900 ಚದರಡಿ, ಶೇ. 37.5. ಅಲ್ಲಾಗಿದ್ದರೆ ಎರಡು ಲೆಕ್ಕದಲ್ಲೂ ಬಿದ್ದುಹೋಗುತ್ತಿತ್ತು! ನಮ್ಮಲ್ಲಿ ಒಂದೇ ಸಂಸಾರ ಇರಬೇಕೆಂಬ ಕಟ್ಟಳೆ ಇಲ್ಲ. ಮೇಲೆ ಮಗ, ಕೆಳಗೆ ಬಾಡಿಗೆಯವರು, ಯಾರೂ ಕೇಳುವುದಿಲ್ಲ. ಕೇಳುವುದು ನೆಲ ತುಂಡಾದಾಗ. ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಪಾಲುಪಟ್ಟಿ ನೋಂದಣಿಯಾಯಿತೆಂದರೆ ಹಕ್ಕು ಬೇರೆಯಾಯಿತು ಅಷ್ಟೇ. ನಿವೇಶನ ಎರಡಾಯಿತೆಂದು ಪುರಸಭೆ ಒಪ್ಪುವುದು ಬೇರೆ ಕೆಲಸ, ಅದಕ್ಕೆ ಬೇರೆ ಅರ್ಜಿ, ಬೇರೆ ಶುಲ್ಕ. ಪ್ಲಾನು ತೋರಿಸಿ ಆಮೇಲೆ ಪತ್ರ ಬರೆಸುವುದು ಲೇಸು.

ಮಡಕಶಿರಾದಲ್ಲಿ ಹೆಂಡತಿಯ ತವರಿನ ಜಾಗ ಹಂಚುವಾಗ ತೊಡಕು ಬೇರೆ ಥರದ್ದು. ಮೂರು ಕಡೆ ಕರ್ನಾಟಕ ಸುತ್ತಿಕೊಂಡ ಊರು, ಹೆಣ್ಣುಮಕ್ಕಳು ಶಿರಾ, ಪಾವಗಡಕ್ಕೆ ಹೋದವರು. ಹೆಂಡತಿಯ ಅಕ್ಕನಿಗೆ ಪಾಲುಂಟೋ ಇಲ್ಲವೋ ಎಂದು ಶುರುವಾಯಿತು. ಹುಟ್ಟಿನಿಂದಲೇ ಹೆಣ್ಣಿಗೂ ಹಕ್ಕೆಂಬ ತಿದ್ದುಪಡಿ ಆಂಧ್ರದಲ್ಲಿ 1985ರಿಂದ, ಕರ್ನಾಟಕದಲ್ಲಿ 1994ರಿಂದ. ಅದಕ್ಕೂ ಮುಂಚೆ ಮದುವೆಯಾದವರಿಗೆ ಇರಲಿಲ್ಲ. ಮದುವೆಯ ತಾರೀಖು ಹಿಡಿದು ಭಾವಮೈದುನರು ಜಗ್ಗಾಡುತ್ತಿದ್ದರು. ಅಷ್ಟರಲ್ಲಾಗಲೇ 2005ರ ಕೇಂದ್ರ ತಿದ್ದುಪಡಿ, ಅದರ ಮೇಲೆ 2020ರ ಆಗಸ್ಟಿನ ಸುಪ್ರೀಂ ಕೋರ್ಟ್ ತೀರ್ಪು ಆ ಲೆಕ್ಕವನ್ನೆಲ್ಲ ಬದಿಗೆ ಸರಿಸಿಯಾಗಿತ್ತು. ಅಕ್ಕನ ಸಹಿ ಇಲ್ಲದ ಪಾಲುಪಟ್ಟಿ ನಂಬಿ ಮನೆ ಕಟ್ಟಬಾರದು.

ಹಳೇ ಪತ್ರಗಳಲ್ಲಿ ಜಿಲ್ಲೆಯ ಹೆಸರು ಕಂಡು ಗಾಬರಿಯಾಗುವವರಿದ್ದಾರೆ. 1953ರ ಅಕ್ಟೋಬರಿಗೆ ಮುಂಚಿನ ರಾಯದುರ್ಗದ ಪತ್ರದಲ್ಲಿ ಬಳ್ಳಾರಿ ಜಿಲ್ಲೆ ಎಂದೇ ಇರುತ್ತದೆ. ಮಡಕಶಿರಾ 2022ರ ಏಪ್ರಿಲ್‌ನಿಂದ ಶ್ರೀ ಸತ್ಯಸಾಯಿ ಜಿಲ್ಲೆ. ಹೊಸ ಪತ್ರದಲ್ಲಿ ಹಳೇ ಹೆಸರನ್ನೂ ಸೇರಿಸಿ ಬರೆಸಿದರೆ ಸಾಕು.

ಓಣಿಯ ವಿಷಯಕ್ಕೆ ಬಂದರೆ, ಬೇರೆ ದಾರಿಯೇ ಇಲ್ಲದ ಪಾಲಿಗೆ ಓಡಾಡುವ ಹಕ್ಕು 1882ರ ಈಸ್‌ಮೆಂಟ್ ಕಾಯ್ದೆಯಲ್ಲೇ ಇದೆ. ಆದರೆ ಅದನ್ನು ಕೋರ್ಟಿನಲ್ಲಿ ಸಾಧಿಸಲು ಹೊರಟರೆ ಅರ್ಧ ಆಯುಸ್ಸು ಹೋದೀತು. ಚೆಕ್ಕುಬಂದಿ ಬರೆಸುವಾಗಲೇ ಓಣಿಯ ಅಗಲ, ಅದರೊಳಗೆ ಹೋಗುವ ಪೈಪು, ಚರಂಡಿ, ಗೇಟು ಯಾರದು, ಕಾರು ನಿಲ್ಲಿಸಬಹುದೇ ಎಲ್ಲವನ್ನೂ ಹಾಕಿಸಿದೆವು. ಬೋರ್‌ವೆಲ್ ನನ್ನ ಪಾಲಿನಲ್ಲಿತ್ತು. ಮೋಟರಿನ ಕರೆಂಟು ಯಾರ ಮೀಟರಿನದು, ರಿಪೇರಿ ಬಂದರೆ ಯಾರೆಷ್ಟು ಕೊಡಬೇಕು ಎಂಬ ಎರಡು ಸಾಲು ಸೇರಿಸಿದ ಮೇಲೇ ತಮ್ಮ ಪೆನ್ನು ಹಿಡಿದ.