ಮಳೆಗಾಲಕ್ಕೊಂದು ಲೋಟ ಅಂಬಲಿ



ಮೂಡಿಗೆರೆ, ಕಳಸದ ಕಡೆಯ ಮಳೆಗಾಲದ ಬಗ್ಗೆ ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಜೂನ್‌ನಲ್ಲಿ ಹಿಡಿದ ಮಳೆ ಬಿಡುವ ಹೊತ್ತಿಗೆ ಬಟ್ಟೆಯೆಲ್ಲ ಮುಗ್ಗಲು ವಾಸನೆ, ಸೌದೆಯೆಲ್ಲ ಹಸಿ. ಮನೆಯಲ್ಲಿ ಒಬ್ಬರಿಗೆ ಶೀತ ಬಿಟ್ಟಿತು ಎನ್ನುವಾಗ ಇನ್ನೊಬ್ಬರಿಗೆ ಹಿಡಿದಿರುತ್ತದೆ. ಆಗ ಪೇಟೆಯಲ್ಲಿ ‘ರೋಗನಿರೋಧಕ ಶಕ್ತಿ ಹೆಚ್ಚಿಸುವ’ ಪುಡಿ, ಟಾನಿಕ್‌ಗಳ ಡಬ್ಬಿಗಳು ಕಣ್ಣಿಗೆ ಬೀಳುತ್ತವೆ. ತೋಟದಲ್ಲಿ ದಿನಗೂಲಿ ಮಾಡುವ ತಾಯಿ ಎರಡು ದಿನದ ಸಂಬಳ ಕೊಟ್ಟು ಮಕ್ಕಳಿಗಾಗಿ ಒಂದು ಡಬ್ಬಿ ತರುತ್ತಾಳೆ. ಆ ಹಣಕ್ಕೆ ತಕ್ಕ ಫಲ ಅದರಲ್ಲಿದೆಯೇ? ನಮ್ಮ ಅಡುಗೆಮನೆಯಲ್ಲೇ ಇರುವ ರಾಗಿ, ಮಜ್ಜಿಗೆ, ಈರುಳ್ಳಿ, ದೊಡ್ಡಪತ್ರೆಯಿಂದ ಏನು ಮಾಡಬಹುದು? ಅದರಿಂದ ಏನು ಆಗುತ್ತದೆ, ಏನು ಆಗುವುದಿಲ್ಲ? ಈ ವಾರ ಇದನ್ನು ತಿಳಿದುಕೊಳ್ಳೋಣ.

ಗಿಡದ ಬುಡ ಮತ್ತು ನಮ್ಮ ಕರುಳು

ಕಾಫಿ ಗಿಡದ ಬುಡಕ್ಕೆ ನಾವು ದರಗು ಹೊದಿಸುತ್ತೇವೆ. ಆ ಒಣ ಎಲೆಯನ್ನು ಗಿಡ ನೇರವಾಗಿ ತಿನ್ನುವುದಿಲ್ಲ. ಮಣ್ಣಿನಲ್ಲಿರುವ ಕಣ್ಣಿಗೆ ಕಾಣದ ಜೀವಿಗಳು ಅದನ್ನು ತಿಂದು ಕೊಳೆಸುತ್ತವೆ, ಅದರ ಸಾರ ಬೇರಿಗೆ ಸಿಗುತ್ತದೆ. ನಮ್ಮ ದೊಡ್ಡ ಕರುಳಿನಲ್ಲಿಯೂ ಹೀಗೆಯೇ. ಅಲ್ಲಿ ಕೋಟ್ಯಂತರ ಸೂಕ್ಷ್ಮಾಣುಗಳು ವಾಸವಾಗಿವೆ. ನಾವು ತಿಂದ ಅನ್ನ, ಸಕ್ಕರೆಯ ಹೆಚ್ಚಿನ ಪಾಲು ಸಣ್ಣ ಕರುಳಿನಲ್ಲಿಯೇ ಜೀರ್ಣವಾಗಿ ರಕ್ತ ಸೇರುತ್ತದೆ. ನಮಗೆ ಜೀರ್ಣವಾಗದ ನಾರು ಮಾತ್ರ ದೊಡ್ಡ ಕರುಳಿಗೆ ಇಳಿದು ಈ ಜೀವಿಗಳಿಗೆ ಆಹಾರವಾಗುತ್ತದೆ. ಅವು ಅದನ್ನು ಹುಳಿಯಿಸಿ ಬ್ಯುಟಿರೇಟ್ ಮುಂತಾದ ಆಮ್ಲಗಳನ್ನು ತಯಾರಿಸುತ್ತವೆ. ಕರುಳಿನ ಒಳಗೋಡೆಯ ಕಣಗಳು ಈ ಆಮ್ಲಗಳಿಂದಲೇ ಬಲ ಪಡೆಯುತ್ತವೆ. ದೇಹವನ್ನು ರೋಗದಿಂದ ಕಾಯುವ ಕಣಗಳಲ್ಲಿ ದೊಡ್ಡ ಪಾಲು ಇದೇ ಗೋಡೆಯ ಬದಿಯಲ್ಲಿ ಕಾವಲಿರುತ್ತದೆ. ಹೊಟ್ಟೆಗೂ ರೋಗನಿರೋಧಕ ಶಕ್ತಿಗೂ ಸಂಬಂಧವಿದೆ ಎನ್ನುವುದು ಇದರಿಂದಲೇ.

ಅಂದಿನ ರಷ್ಯಾ ಸಾಮ್ರಾಜ್ಯದಲ್ಲಿ ಹುಟ್ಟಿ ಪ್ಯಾರಿಸ್‌ನಲ್ಲಿ ದುಡಿದ ವಿಜ್ಞಾನಿ ಮೆಚ್ನಿಕೋಫ್ ದೇಹದ ರೋಗನಿರೋಧಕ ಶಕ್ತಿಯ ಸಂಶೋಧನೆಗಾಗಿ 1908ರಲ್ಲಿ ನೊಬೆಲ್ ಪಾರಿತೋಷಕ ಪಡೆದರು. ಹುಳಿ ಮೊಸರಿನ ಸೂಕ್ಷ್ಮಾಣುಗಳು ಆರೋಗ್ಯಕ್ಕೆ ಒಳ್ಳೆಯವೆಂದು ಹೇಳಿದವರೂ ಅವರೇ. ಇಂಥ ಜೀವಂತ ಸೂಕ್ಷ್ಮಾಣುಗಳಿಗೆ ಈಗ ಪ್ರೊಬಯಾಟಿಕ್ ಎನ್ನುತ್ತಾರೆ. ಅವುಗಳಿಗೆ ಆಹಾರವಾಗುವ ವಸ್ತುವಿಗೆ ಪ್ರಿಬಯಾಟಿಕ್ ಎಂಬ ಹೆಸರನ್ನು 1995ರಲ್ಲಿ ಗಿಬ್ಸನ್ ಮತ್ತು ರಾಬರ್‌ಫ್ರಾಯ್ಡ್ ಎಂಬ ಇಬ್ಬರು ವಿಜ್ಞಾನಿಗಳು ಕೊಟ್ಟರು. ಸುಲಭವಾಗಿ ಹೇಳುವುದಾದರೆ, ಮಜ್ಜಿಗೆ ಬಿತ್ತನೆ ಬೀಜವಿದ್ದಂತೆ, ನಾರು ಅದಕ್ಕೆ ಹಾಕುವ ಗೊಬ್ಬರವಿದ್ದಂತೆ.

ನಮ್ಮ ಸುತ್ತಮುತ್ತ ಏನೇನಿದೆ?

ಪ್ರಿಬಯಾಟಿಕ್‌ಗಳಲ್ಲಿ ಹೆಚ್ಚು ಅಭ್ಯಾಸವಾದದ್ದು ಇನ್ಯುಲಿನ್ ಎಂಬ ನಾರು. ಕಾರ್ಖಾನೆಗಳು ಇದನ್ನು ಮುಖ್ಯವಾಗಿ ಚಿಕೋರಿ ಬೇರಿನಿಂದ ತೆಗೆಯುತ್ತವೆ. ನಾವು ಕಾಫಿಗೆ ಬೆರೆಸುವ, ಕೆಲವು ಬೆಳೆಗಾರರು ಹೆಸರೆತ್ತಿದರೆ ಮುಖ ಸಿಂಡರಿಸುವ ಅದೇ ಚಿಕೋರಿ! ಹಾಗೆಂದು ಇನ್ನೊಂದು ಲೋಟ ಕಾಫಿಗೆ ಕೈ ಚಾಚಬೇಡಿ. ಹುರಿಯುವಾಗ ಬೇರಿನ ಇನ್ಯುಲಿನ್ ಬಹುಪಾಲು ಒಡೆದುಹೋಗುತ್ತದೆ. ಅದೇ ಜಾತಿಯ ನಾರು ಈರುಳ್ಳಿ, ಬೆಳ್ಳುಳ್ಳಿಯಲ್ಲಿಯೂ ಇದೆ.

ಇನ್ನು ರಾಗಿ. 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದೆ. ಪಾಲಿಶ್ ಮಾಡಿದ ಬಿಳಿ ಅಕ್ಕಿಯಲ್ಲಿ ಇರುವುದು 3 ಗ್ರಾಂಗೂ ಕಡಿಮೆ. ಮಲೆನಾಡಿನವರಾದ ನಮಗೆ ಮೂರು ಹೊತ್ತೂ ಅಕ್ಕಿಯೇ: ಬೆಳಿಗ್ಗೆ ಅಕ್ಕಿ ರೊಟ್ಟಿ ಅಥವಾ ಕಡುಬು, ಮಧ್ಯಾಹ್ನ ಅನ್ನ, ರಾತ್ರಿ ಗಂಜಿ. ನಡುವೆ ಒಂದು ಹೊತ್ತು ರಾಗಿ ಬಂದರೆ ಒಳ್ಳೆಯದೇ. ದೊಡ್ಡಪತ್ರೆ, ಒಂದೆಲಗ, ಶುಂಠಿಗಳನ್ನು ಮಜ್ಜಿಗೆಗೆ ಅರೆದು ಹಾಕಿ ತಂಬುಳಿ ಮಾಡುವುದು ನಮ್ಮ ಕಡೆಯ ಹಳೆಯ ವಾಡಿಕೆ. ಅಂಬಲಿಯನ್ನೂ ತಂಬುಳಿಯನ್ನೂ ಒಂದೇ ಲೋಟದಲ್ಲಿ ಸೇರಿಸುವ ವಿಧಾನ ಇಲ್ಲಿದೆ.

ಮಾಡುವ ವಿಧಾನ

ನಾಲ್ಕು ಲೋಟಕ್ಕೆ ಬೇಕಾಗುವ ಸಾಮಾನು: ರಾಗಿ ಹಿಟ್ಟು 60 ಗ್ರಾಂ, ಅಂದರೆ ಸುಮಾರು ಆರು ದೊಡ್ಡ ಚಮಚ, ನೀರು ಮೂರು ಲೋಟ, ಮಜ್ಜಿಗೆ ಒಂದೂವರೆ ಲೋಟ, ದೊಡ್ಡಪತ್ರೆ ನಾಲ್ಕೈದು ಎಲೆ ಅಥವಾ ಒಂದೆಲಗ ಒಂದು ಹಿಡಿ, ಜೀರಿಗೆ ಅರ್ಧ ಚಮಚ, ಕಾಳುಮೆಣಸು ನಾಲ್ಕು, ಶುಂಠಿ ಒಂದು ಚಿಕ್ಕ ತುಂಡು, ಸಣ್ಣ ಈರುಳ್ಳಿ ಮೂರು, ತುಪ್ಪ ಸ್ವಲ್ಪ, ಉಪ್ಪು ಹಿತವಾಗಿ.

1. ರಾತ್ರಿ ರಾಗಿ ಹಿಟ್ಟನ್ನು ಒಂದು ಲೋಟ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ. ಒಂದು ಚಮಚ ಮಜ್ಜಿಗೆ ಬೆರೆಸಿ ಮುಚ್ಚಿಡಿ. ಮಳೆಗಾಲದ ಚಳಿಗೆ ಹಿಟ್ಟು ಬೇಗ ಹುಳಿಯುವುದಿಲ್ಲ. ಬಚ್ಚಲ ಒಲೆಯ ಹತ್ತಿರ ಬೆಚ್ಚಗಿನ ಜಾಗದಲ್ಲಿಟ್ಟರೆ ಬೆಳಗಿನ ಹೊತ್ತಿಗೆ ಹದವಾಗಿರುತ್ತದೆ. ಹಿತವಾದ ಹುಳಿ ವಾಸನೆ ಬರಬೇಕು. ಕೊಳೆತ ವಾಸನೆ ಬಂದರೆ ಅಥವಾ ಬೂಷ್ಟು ಕಂಡರೆ ಚೆಲ್ಲಿಬಿಡಿ.

2. ಬೆಳಿಗ್ಗೆ ಉಳಿದ ಎರಡು ಲೋಟ ನೀರನ್ನು ಉಪ್ಪು ಹಾಕಿ ಕುದಿಸಿ. ಹುಳಿ ಬಂದ ಹಿಟ್ಟನ್ನು ಸುರಿಯುತ್ತ ಕೈಬಿಡದೆ ತಿರುವಿ. ಸಣ್ಣ ಉರಿಯಲ್ಲಿ ಹತ್ತು ನಿಮಿಷ ಬೇಯಿಸಿ. ಹಸಿ ವಾಸನೆ ಹೋಗಿ ಹೊಳಪು ಬಂದಾಗ ಇಳಿಸಿ.

3. ಪೂರ್ತಿ ಆರಲು ಬಿಡಿ. ಈ ಮಾತನ್ನು ಮರೆಯಬೇಡಿ. ಕುದಿಯುವಾಗ ಹಿಟ್ಟಿನಲ್ಲಿದ್ದ ಸೂಕ್ಷ್ಮಾಣುಗಳು ಸತ್ತಿರುತ್ತವೆ. ಬಿಸಿ ಅಂಬಲಿಗೆ ಮಜ್ಜಿಗೆ ಹಾಕಿದರೆ ಅದರಲ್ಲಿರುವವೂ ಸಾಯುತ್ತವೆ. ಬೆರಳು ಅದ್ದಿದರೆ ಉಗುರು ಬೆಚ್ಚಗಿರಬೇಕು, ಅಷ್ಟೇ.

4. ದೊಡ್ಡಪತ್ರೆ, ಜೀರಿಗೆ, ಮೆಣಸನ್ನು ತುಪ್ಪದಲ್ಲಿ ಬಾಡಿಸಿ, ಶುಂಠಿಯೊಂದಿಗೆ ನುಣ್ಣಗೆ ಅರೆಯಿರಿ. ಒಂದೆಲಗವಾದರೆ ಬಾಡಿಸದೆ ಹಸಿಯಾಗಿಯೇ ಅರೆಯಬಹುದು.

5. ಅರೆದದ್ದನ್ನೂ ಮಜ್ಜಿಗೆಯನ್ನೂ ಆರಿದ ಅಂಬಲಿಗೆ ಬೆರೆಸಿ. ಈರುಳ್ಳಿಯನ್ನು ಸಣ್ಣಗೆ ಹೆಚ್ಚಿ ಮೇಲೆ ಹಾಕಿ. ಅಂದೇ ಕುಡಿದು ಮುಗಿಸಿ.

ಒಂದೆಲಗವನ್ನು ಎಲ್ಲಿಂದ ಕೀಳುತ್ತೀರಿ ಎಂಬುದರ ಮೇಲೆ ಗಮನವಿರಲಿ. ಅದು ಗದ್ದೆಯ ಅಂಚಿನಲ್ಲಿ, ಚರಂಡಿಯ ಬದಿಯಲ್ಲಿಯೂ ಹಬ್ಬುತ್ತದೆ. ಕೊಟ್ಟಿಗೆಯ ನೀರು ಹರಿಯುವ ಕಡೆಯಿಂದ, ಬೋರ್ಡೋ ದ್ರಾವಣವನ್ನೋ ಬೇರೆ ಔಷಧಿಯನ್ನೋ ಹೊಡೆದ ತೋಟದಿಂದ ತರಬೇಡಿ. ಮನೆಯ ಹಿತ್ತಲಿನಲ್ಲಿ, ಬಾವಿಕಟ್ಟೆಯ ಪಕ್ಕ ನಾಲ್ಕು ಬೇರು ನೆಟ್ಟುಕೊಂಡರೆ ಉತ್ತಮ. ಎಲ್ಲಿಂದ ತಂದರೂ ಮೂರು ನಾಲ್ಕು ನೀರಿನಲ್ಲಿ ತೊಳೆಯಿರಿ.

ಯಾರಿಗೆ, ಎಷ್ಟು?

ಮೊದಲ ವಾರ ದಿನಕ್ಕೆ ಅರ್ಧ ಲೋಟ ಸಾಕು. ಒಮ್ಮೆಲೇ ಹೆಚ್ಚು ನಾರು ಹೋದರೆ ಹೊಟ್ಟೆ ಉಬ್ಬರಿಸುತ್ತದೆ, ವಾಯುವಾಗುತ್ತದೆ. ಈರುಳ್ಳಿ ಹಿಡಿಸದವರು ಅದನ್ನು ಬಿಡಬಹುದು. ಸಕ್ಕರೆ ಕಾಯಿಲೆ ಇರುವವರು ಅಂಬಲಿಯನ್ನು ಊಟದ ಮೇಲೆ ಹೆಚ್ಚುವರಿಯಾಗಿ ಕುಡಿಯಬಾರದು. ರಾಗಿಯಲ್ಲಿಯೂ ಪಿಷ್ಟವಿದೆ, ಹಿಟ್ಟಿನ ಗಂಜಿ ಬೇಗ ಜೀರ್ಣವಾಗಿ ರಕ್ತದ ಸಕ್ಕರೆ ಏರಿಸುತ್ತದೆ. ರಕ್ತದೊತ್ತಡದವರು ಉಪ್ಪು ಕಡಿಮೆ ಮಾಡಿ. ಮೂತ್ರಪಿಂಡದ ತೊಂದರೆ ಇರುವವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ವೈದ್ಯರನ್ನು ಕೇಳಿಯೇ ಕುಡಿಯಲಿ. ಆರು ತಿಂಗಳು ತುಂಬದ ಮಗುವಿಗೆ ತಾಯಿಯ ಹಾಲಲ್ಲದೆ ಬೇರೇನೂ ಬೇಡ.

ನಿಜವನ್ನು ಮರೆಮಾಚಬಾರದು

ಲೆಕ್ಕ ಹಾಕಿ ನೋಡಿ. 60 ಗ್ರಾಂ ರಾಗಿಯನ್ನು ನಾಲ್ಕು ಲೋಟಕ್ಕೆ ಹಂಚಿದರೆ ಒಬ್ಬರಿಗೆ ಸಿಗುವ ನಾರು ಎರಡು ಗ್ರಾಂಗೂ ಕಡಿಮೆ. ಅದು ಒಳ್ಳೆಯ ಆರಂಭವೇ ಹೊರತು ಪವಾಡವಲ್ಲ. ಹುರುಳಿ, ಹೆಸರುಕಾಳು, ಕೆಸುವು, ಬಾಳೆದಿಂಡು, ಸೊಪ್ಪು ತಟ್ಟೆಯಲ್ಲಿ ಇಲ್ಲದಿದ್ದರೆ ಅಂಬಲಿಯೊಂದರಿಂದ ಏನೂ ಆಗದು. ಇದನ್ನು ಕುಡಿದವರಿಗೆ ಜ್ವರ ಬರುವುದಿಲ್ಲ ಎಂದು ಯಾರೂ ಸಾಬೀತುಪಡಿಸಿಲ್ಲ. ಡಬ್ಬಿಯ ಮೇಲೆ ಹಾಗೆ ಬರೆದಿದ್ದರೆ ಅದನ್ನೂ ಪೂರ್ತಿ ನಂಬಬೇಡಿ.

‘ಗಿಡಮೂಲಿಕೆ ತಾನೇ, ಹೆಚ್ಚಾದರೆ ಏನಾಯಿತು?’ ಎಂಬ ಮಾತು ಅಪಾಯಕಾರಿ. 2020ರಲ್ಲಿ ಕೊರೊನಾ ಬಂದಾಗ ಎಷ್ಟು ಮನೆಗಳಲ್ಲಿ ದಿನವಿಡೀ ಕಷಾಯ ಕುದಿಯುತ್ತಿತ್ತು ಎಂಬುದು ನಿಮಗೆ ನೆನಪಿರಬಹುದು. ಅಮೃತಬಳ್ಳಿ ಸೇವಿಸುತ್ತಿದ್ದ ಕೆಲವರಲ್ಲಿ ಯಕೃತ್ತಿಗೆ ಹಾನಿಯಾದುದನ್ನು 2021ರಲ್ಲಿ ಮುಂಬಯಿಯ ವೈದ್ಯರು ವರದಿ ಮಾಡಿದರು. ಆಯುಷ್ ಸಚಿವಾಲಯ ಆ ವರದಿಯನ್ನು ಒಪ್ಪಲಿಲ್ಲ. ವಾದ ಏನೇ ಇರಲಿ, ನಮಗೆ ಪಾಠ ಒಂದೇ: ಅಡುಗೆಯಲ್ಲಿ ಬಳಸುವಷ್ಟು ಸೊಪ್ಪು ಆಹಾರ, ಅದನ್ನು ಮೀರಿದರೆ ಅದು ಔಷಧ. ಔಷಧಕ್ಕೆ ವೈದ್ಯರ ಅಳತೆ ಬೇಕು.

ಕೊನೆಯದಾಗಿ ಎಲ್ಲಕ್ಕಿಂತ ಮುಖ್ಯವಾದ ಮಾತು. ನಮ್ಮ ಕಡೆಯ ಜ್ವರಗಳೆಲ್ಲ ಬರೀ ಶೀತಜ್ವರವಲ್ಲ. ಡೆಂಗೆ ಇದೆ, ಇಲಿಜ್ವರ ಇದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಕಂಡ ಮಂಗನ ಕಾಯಿಲೆ ನಮ್ಮ ಜಿಲ್ಲೆಯಲ್ಲಿಯೂ ಜೀವ ತೆಗೆದಿದೆ. ಇವುಗಳಿಗೆ ಯಾವ ಕಷಾಯವೂ ಮದ್ದಲ್ಲ. ‘ನಾಳೆ ನೋಡೋಣ’ ಎಂದು ಮೂರು ದಿನ ಕಷಾಯ ಕುಡಿಸುತ್ತ ಕೂತರೆ, ಹೋದ ಆ ಮೂರು ದಿನ ಮತ್ತೆ ಬಾರದು. ಎರಡು ದಿನದಲ್ಲಿ ಇಳಿಯದ ಜ್ವರ, ವಿಪರೀತ ಮೈಕೈ ನೋವು, ರಕ್ತಸ್ರಾವ, ಮಂಪರು, ಕಡಿಮೆಯಾದ ಮೂತ್ರ, ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಿ. ಕಾಡಿಗೆ ಹೋಗಿಬಂದವರಿಗೆ, ಉಣ್ಣೆ ಕಚ್ಚಿದವರಿಗೆ ಜ್ವರ ಬಂದರೆ ಎರಡು ದಿನವೂ ಕಾಯಬೇಡಿ.

ಈ ವಾರ ಮನೆಯಲ್ಲಿ

ಬರುವ ಭಾನುವಾರ ಪೂಜೆ ಮುಗಿಸಿ ಬಂದ ಮೇಲೆ ಮಕ್ಕಳನ್ನು ಸೇರಿಸಿಕೊಂಡು ಈ ಅಂಬಲಿ ಮಾಡಿ ನೋಡಿ. ಹಿಂದಿನ ರಾತ್ರಿ ಹಿಟ್ಟು ಕಲಸುವ ಕೆಲಸ ಅವರದೇ ಆಗಲಿ. ಕುಡಿಯುತ್ತ ಕುಳಿತಾಗ ಈ ಮೂರು ಪ್ರಶ್ನೆ ಕೇಳಿಕೊಳ್ಳಿ:

1. ನಿನ್ನೆ ಬೆಳಿಗ್ಗೆಯಿಂದ ರಾತ್ರಿಯವರೆಗೆ ನಾವು ತಿಂದದ್ದರಲ್ಲಿ ನಾರಿದ್ದ ಪದಾರ್ಥ ಎಷ್ಟು?

2. ಕಳೆದ ಮಳೆಗಾಲದಲ್ಲಿ ಟಾನಿಕ್, ಪುಡಿಗಳಿಗೆ ಖರ್ಚಾದ ಹಣದಿಂದ ಎಷ್ಟು ಕಾಳು, ತರಕಾರಿ ಬರುತ್ತಿತ್ತು?

3. ರಾತ್ರಿ ಹೊತ್ತು ಜ್ವರ ಏರಿದರೆ ನಮ್ಮ ಮನೆಯಿಂದ ಆಸ್ಪತ್ರೆಗೆ ಹೋಗುವ ದಾರಿ, ವಾಹನ ಯಾವುದು?

ಮೂರನೆಯ ಪ್ರಶ್ನೆಗೆ ಉತ್ತರ ಸಿದ್ಧವಿಲ್ಲದಿದ್ದರೆ, ಅಂಬಲಿಯ ಲೋಟ ಕೆಳಗಿಡುವ ಮೊದಲೇ ನೆರೆಯವರೊಂದಿಗೆ ಮಾತಾಡಿ ಗೊತ್ತುಮಾಡಿಕೊಳ್ಳಿ.