ಬಚ್ಚಲ ಹಂಡೆಯೂ ಕರೆಂಟ್ ಬಿಲ್ಲೂ

ಮಳೆಗಾಲದಲ್ಲಿ ನಮ್ಮ ಸದಸ್ಯರ ಮನೆಗಳಲ್ಲಿ ಕರೆಂಟ್ ಬಿಲ್ಲು ಏರುವುದು ದೀಪದಿಂದಲ್ಲ, ಬಿಸಿನೀರಿನಿಂದ. ಮೋಡ ಕವಿದ ಆಷಾಢದಲ್ಲಿ ಸೋಲಾರ್ ಹೀಟರನ್ನು ನಂಬುವಂತಿಲ್ಲ, ಗೀಸರ್ ಹಾಕುತ್ತೇವೆ. 2,000 ವಾಟಿನ ಗೀಸರ್ ದಿನಕ್ಕೆ ಒಂದೂವರೆ ಗಂಟೆ ಉರಿದರೆ 3 ಯೂನಿಟ್, ತಿಂಗಳಿಗೆ 90. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿಯಲ್ಲಿ ಬಳಕೆ 200 ಯೂನಿಟ್ ದಾಟಿತೆಂದರೆ, ಮೀರಿದ್ದಕ್ಕಷ್ಟೇ ಅಲ್ಲ, ಪೂರ್ತಿ ಬಿಲ್ಲನ್ನೇ ಕಟ್ಟಬೇಕು. ದೊಡ್ಡ ಸಂಸಾರಗಳನ್ನು ಗಡಿ ದಾಟಿಸಲು ಈ 90 ಯೂನಿಟ್ಟೇ ಸಾಕು.

ಹಾಗಾದರೆ ಹಂಡೆಗೇ ಹಿಂತಿರುಗೋಣವೆ? ಆಗಬಹುದು, ಆದರೆ ಹಳೆಯ ಒಲೆಗಲ್ಲ. 100 ಲೀಟರ್ ನೀರನ್ನು 20 ಡಿಗ್ರಿಯಿಂದ 45ಕ್ಕೆ ಏರಿಸಲು ಬೇಕಾದ ಶಾಖ 2,500 ಕಿಲೋಕ್ಯಾಲೊರಿ. ಒಂದು ಕಿಲೋ ಒಣಸೌದೆಯಲ್ಲಿ ಅದಕ್ಕಿಂತ ಹೆಚ್ಚೇ ಇದೆ. ನಾವೋ ಬೆಳಗಾದರೆ ಅರ್ಧ ಹೊರೆ ತುರುಕುತ್ತೇವೆ! ಉಳಿದ ಶಾಖ ಒಲೆಯ ಬಾಯಿಂದ, ಹೊಗೆಯೊಡನೆ ಹೋಗುತ್ತದೆ. ಹಸಿಸೌದೆಯಾದರೆ ಅದರೊಳಗಿನ ನೀರನ್ನು ಆರಿಸುವುದಕ್ಕೇ ಒಂದು ಪಾಲು ವ್ಯಯ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಘಟಕದವರು ರೂಪಿಸಿದ ಒಲೆಯ ಮರ್ಮ ಇಷ್ಟೇ: ಸೌದೆ ನೆಲದ ಮೇಲಲ್ಲ, ಕಬ್ಬಿಣದ ಜಾಲರಿಯ ಮೇಲೆ, ಗಾಳಿ ಕೆಳಗಿನಿಂದ, ಒಲೆಯ ಬಾಯಿಗೆ ಮುಚ್ಚಳ, ಪಾತ್ರೆಯ ಸುತ್ತ ಸಂದಿಯಿಲ್ಲ, ಹೊಗೆಗೆ ಕೊಳವೆ. ಹಂಡೆಯ ಒಲೆಗೂ ಇದೇ ಅನ್ವಯ. ಊರಿನ ಗಾರೆ ಕೆಲಸದವರೇ ಮಾಡಿಕೊಟ್ಟಾರು.

ಇದಕ್ಕೆಂದು ನೆರಳುಮರ ಕಡಿಯಬೇಕಾಗಿಲ್ಲ. ಮರಗಸಿಯ ಕೊಂಬೆ, ಕಾಫಿ ಗಿಡ ಸವರಿದ ಕಡ್ಡಿಗಳನ್ನು ಮಳೆಗೆ ಮುಂಚೆಯೇ ಕೊಟ್ಟಿಗೆಯಲ್ಲಿ ಒಟ್ಟಿ ಒಣಗಿಸಿದರಾಯಿತು. ಅಡಿಕೆ ಸಿಪ್ಪೆಯನ್ನೂ ಕೆಲವರು ಉರಿಸುತ್ತಾರೆ. ಅದು ಗೊಬ್ಬರದ ಗುಂಡಿಗೆ ಹೋಗುವುದೇ ಲೇಸೆಂದು ನಮ್ಮ ಅಭಿಪ್ರಾಯ. ಒಲೆಯ ಬೂದಿಯನ್ನಂತೂ ತೋಟಕ್ಕೇ ಹಾಕಿ. ಅದರಲ್ಲಿ ಪೊಟ್ಯಾಷ್ ಇದೆ.