ಪರದೆಯ ಮುಂದೆ ಕಳೆಯುವ ಹೊತ್ತೂ ನಮ್ಮ ಬಾಲಿಕೆಯರ ದೇಹಾರೋಗ್ಯವೂ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಈ ನಾಲ್ಕು ತಾಲ್ಲೂಕುಗಳಲ್ಲಿ ಪ್ರೌಢಶಾಲೆಗೆ ಹೋಗುವ ಬಾಲಿಕೆಯರಿರುವ ಮನೆಗಳಿಂದ ಈಚೆಗೆ ಒಂದೇ ಬಗೆಯ ದೂರು ಕೇಳಿಬರುತ್ತಿರುವುದು: ಹುಡುಗಿಯು ಮೊಬೈಲನ್ನು ಕೆಳಗಿಡುವುದಿಲ್ಲ. ತಲೆನೋವಿಗೂ ಅದೇ ಕಾರಣ, ಕಣ್ಣುರಿಗೂ ಅದೇ ಕಾರಣ, ಅಂಕಗಳು ಕಡಿಮೆಯಾದರೂ ಅದೇ ಕಾರಣ. ಈ ದೂರಿನಲ್ಲಿ ನಿಜವೆಷ್ಟು, ಬರಿಯ ಕೋಪವೆಷ್ಟು ಎಂಬುದನ್ನು ಶರೀರಶಾಸ್ತ್ರದ ಆಧಾರದಿಂದ ವಿಚಾರಿಸಿ ನೋಡುವುದೇ ಈ ಪಾಠದ ಉದ್ದೇಶ. ವಿದ್ಯಾರ್ಥಿನಿಯರೂ ಅವರ ತಾಯಿತಂದೆಗಳೂ ಒಟ್ಟಿಗೆ ಕುಳಿತು ಓದಲೆಂದು ಇದನ್ನು ಬರೆದಿರುವೆವು.

ಮೊದಲು ಒಂದು ಸಂಗತಿಯನ್ನು ನೆನಪಿಗೆ ತಂದುಕೊಳ್ಳತಕ್ಕದ್ದು. ಈ ಯಂತ್ರವು ಮಕ್ಕಳ ಕೈಗೆ ತಾನಾಗಿ ಬರಲಿಲ್ಲ. 2020ನೆಯ ಇಸವಿಯ ಮಾರ್ಚಿಯಲ್ಲಿ ಕೋವಿಡ್ ರೋಗದ ದೆಸೆಯಿಂದ ಶಾಲೆಗಳು ಮುಚ್ಚಿದವು. ಹತ್ತನೆಯ ತರಗತಿಯವರಿಗೆ 2021ರ ಜನವರಿ 1ರಂದು ತೆರೆದ ಬಾಗಿಲು ಎರಡನೆಯ ಅಲೆಯಲ್ಲಿ ಮತ್ತೆ ಮುಚ್ಚಿ, ಆಗಸ್ಟ್ 23ರಂದು ಪುನಃ ತೆರೆಯಿತು. ಆ ನಡುವಣ ಕಾಲದಲ್ಲಿ ಪಾಠಗಳು ಚಂದನ ವಾಹಿನಿಯಲ್ಲಿಯೂ ಮೊಬೈಲಿನಲ್ಲಿಯೂ ಬಂದವು. ಸಾಲಮಾಡಿ ಮೊಬೈಲು ಕೊಂಡ ತಂದೆಯರುಂಟು. ಸಿಗ್ನಲ್ ಹುಡುಕಿಕೊಂಡು ಗುಡ್ಡವನ್ನು ಹತ್ತಿದ ಮಲೆನಾಡಿನ ಮಕ್ಕಳುಂಟು. ಅಂದು ಹಿಡಿದುಕೋ ಎಂದವರೂ ಹಿರಿಯರೇ, ಇಂದು ಬಿಡು ಎಂಬವರೂ ಹಿರಿಯರೇ. ಆದಕಾರಣ ಹುಡುಗಿಯನ್ನು ಗದರಿಸುವುದಕ್ಕೆ ಮುಂಚೆ ಅವಳ ಶರೀರದಲ್ಲಿ ಏನು ನಡೆಯುತ್ತಿದೆ ಎಂಬುದನ್ನು ತಿಳಿಯುವುದು ಮೇಲು.

ಕಣ್ಣಿನಿಂದ ಆರಂಭಿಸುವೆವು. ಪಾಪೆಯ ಹಿಂದೆ ಒಂದು ಮಸೂರವಿರುವುದು. ಅದರ ಸುತ್ತ ಬಳೆಯ ಆಕಾರದ ಸಣ್ಣದೊಂದು ಸ್ನಾಯುವಿರುವುದು. ದೂರದ ಬೆಟ್ಟವನ್ನು ನೋಡುವಾಗ ಈ ಸ್ನಾಯುವು ಸಡಿಲವಾಗಿ ವಿಶ್ರಾಂತಿ ಹೊಂದುವುದು. ಹತ್ತಿರದ ವಸ್ತುವನ್ನು ನೋಡುವಾಗಲಾದರೋ ಸ್ನಾಯುವು ಬಿಗಿದುಕೊಳ್ಳುವುದು, ಆಗ ಮಸೂರವು ಉಬ್ಬುವುದು. ಪುಸ್ತಕವನ್ನು ಮೊಳಕ್ಕೆ ತುಸು ಕಡಿಮೆ ದೂರದಲ್ಲಿಟ್ಟು ಓದುವ ಹುಡುಗಿಯೇ ಮೊಬೈಲನ್ನು ಮುಖಕ್ಕೆ ಒಂದು ಗೇಣಿನಷ್ಟು ಹತ್ತಿರ ತರುವುದುಂಟು. ಗಂಟೆಗಟ್ಟಲೆ ಬಿಗಿದ ಸ್ನಾಯುವು ದಣಿಯುವುದು. ಸಂಜೆಯ ತಲೆನೋವು ಅನೇಕವೇಳೆ ಇದರದೇ. ಇದಲ್ಲದೆ ಸಾಮಾನ್ಯವಾಗಿ ನಿಮಿಷಕ್ಕೆ 15ರಿಂದ 20 ಸಲ ಬಡಿಯುವ ರೆಪ್ಪೆಯು ಪರದೆಯನ್ನು ನಟ್ಟ ದೃಷ್ಟಿಯಿಂದ ನೋಡುವಾಗ ಅದರ ಅರ್ಧದಷ್ಟೂ ಬಡಿಯುವುದಿಲ್ಲ. ರೆಪ್ಪೆಯು ಬಡಿಯದಿದ್ದರೆ ಕಣ್ಣೀರಿನ ತೆಳುವಾದ ಪೊರೆಯು ಒಣಗಿ ಉರಿ, ತುರಿಕೆ, ಕೆಂಪು ತೋರುವುವು. ಇಪ್ಪತ್ತು ನಿಮಿಷಕ್ಕೊಮ್ಮೆ ತಲೆಯೆತ್ತಿ ಇಪ್ಪತ್ತು ಅಡಿಗಳಾಚೆಯ ವಸ್ತುವನ್ನು ಇಪ್ಪತ್ತು ಸೆಕೆಂಡುಗಳ ಕಾಲ ನೋಡಿರೆಂದು ನೇತ್ರವೈದ್ಯರು ಹೇಳುವುದು ಇದಕ್ಕಾಗಿಯೇ. ಈ ತೊಂದರೆಗಳು ವಿಶ್ರಾಂತಿಯಿಂದ ಹೋಗುವಂಥವು.

ಸಮೀಪದೃಷ್ಟಿಯೆಂಬ ದೋಷವು ಹಾಗಲ್ಲ. ಕಣ್ಣುಗುಡ್ಡೆಯು ಇರಬೇಕಾದುದಕ್ಕಿಂತ ಉದ್ದವಾಗಿ ಬೆಳೆದು, ಬಿಂಬವು ಅಕ್ಷಿಪಟದ ಮೇಲೆ ಬೀಳದೆ ಅದರ ಮುಂದೆಯೇ ಕೂಡುವುದು. ಹಿಂದಿನ ಬೆಂಚಿನವಳಿಗೆ ಕರಿಹಲಗೆಯ ಅಕ್ಷರಗಳು ಮಸಕಾಗುವುವು. ಒಂದು ಮಿಲಿಮೀಟರಿನಷ್ಟು ಉದ್ದ ಹೆಚ್ಚಿದರೆ ಸುಮಾರು ಎರಡೂವರೆ ಡಯಾಪ್ಟರಿನ ಕನ್ನಡಕ ಬೇಕಾಗುವುದು. ಹೀಗೆ ಬೆಳೆದ ಗುಡ್ಡೆಯು ಮತ್ತೆ ಕುಗ್ಗದು. ಇದಕ್ಕೆ ಮೊಬೈಲೊಂದೇ ಕಾರಣವೆನ್ನಲಾಗದು. ವಂಶದ ಗುಣವೂ ಪುಸ್ತಕದ ಓದೂ ಸೇರಿರುವುವು. ಆದರೆ ಹಗಲಿನ ಬೆಳಕು ಕಣ್ಣನ್ನು ಈ ದೋಷದಿಂದ ಕಾಯುವುದೆಂಬುದು ಈಗ ಚೆನ್ನಾಗಿ ತಿಳಿದುಬಂದಿದೆ. ತರಗತಿಯೊಳಗಿನ ಬೆಳಕು ಕೆಲವು ನೂರು ಲಕ್ಸ್ ಇದ್ದರೆ ಬಯಲಿನ ಬೆಳಕು ಹತ್ತಾರು ಸಾವಿರ ಲಕ್ಸ್ ಇರುವುದು. ಚೀನಾದೇಶದ ಗುವಾಂಗ್‌ಝೌ ಪಟ್ಟಣದ 12 ಶಾಲೆಗಳಲ್ಲಿ ಒಂದು ಪರೀಕ್ಷೆ ನಡೆದು 2015ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಆರೇಳು ವರುಷದ ಮಕ್ಕಳಲ್ಲಿ ಅರ್ಧ ಶಾಲೆಗಳವರನ್ನು ದಿನವೂ 40 ನಿಮಿಷ ಹೆಚ್ಚಾಗಿ ಬಯಲಿಗೆ ಬಿಟ್ಟರು. ಮೂರು ವರ್ಷಗಳ ತರುವಾಯ ಸಮೀಪದೃಷ್ಟಿಯು ಬಯಲಿಗೆ ಹೋದವರಲ್ಲಿ ನೂರಕ್ಕೆ ಸುಮಾರು 30 ಮಂದಿಗೂ, ಉಳಿದವರಲ್ಲಿ ಸುಮಾರು 40 ಮಂದಿಗೂ ಬಂದಿತ್ತು. ಔಷಧವಿಲ್ಲ, ಖರ್ಚಿಲ್ಲ, ಬರಿಯ ಬಿಸಿಲು.

ಕುತ್ತಿಗೆಯ ವಿಷಯವಾಗಿ ಹೆಚ್ಚು ಹೇಳಬೇಕಾದುದಿಲ್ಲ. ಬೆಳೆದವರ ತಲೆಯ ತೂಕ ಸುಮಾರು 5 ಕಿಲೋ. ತಲೆಯನ್ನು 60 ಡಿಗ್ರಿಗಳಷ್ಟು ಬಗ್ಗಿಸಿದಾಗ ಕುತ್ತಿಗೆಯ ಮೇಲೆ ಬೀಳುವ ಭಾರವು ಸುಮಾರು 27 ಕಿಲೋ, ಅಂದರೆ ನಮ್ಮ ಕಡೆಯ ಅರ್ಧ ಮೂಟೆ ಆಲೂಗಡ್ಡೆಯ ಭಾರ, ಎಂದು ನ್ಯೂಯಾರ್ಕಿನ ಶಸ್ತ್ರವೈದ್ಯರೊಬ್ಬರು 2014ರಲ್ಲಿ ಲೆಕ್ಕ ಹಾಕಿದರು. ಅದು ಗಣಿತದಿಂದ ಬಂದ ಅಂಕಿ, ತೂಗಿ ನೋಡಿದ್ದಲ್ಲ. ಯಂತ್ರವನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದರೆ ಸಾಕು.

ನಿದ್ರೆಯ ನಷ್ಟವೇ ನಮಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು. 13ರಿಂದ 18 ವಯಸ್ಸಿನವರಿಗೆ ದಿನಕ್ಕೆ 8ರಿಂದ 10 ಗಂಟೆಗಳ ನಿದ್ರೆ ಬೇಕು. ಕತ್ತಲಾದ ಮೇಲೆ ಮೆದುಳಿನ ಒಂದು ಸಣ್ಣ ಗ್ರಂಥಿಯಿಂದ ಮೆಲಟೋನಿನ್ ಎಂಬ ರಸವು ಸ್ರವಿಸಿ ಶರೀರವನ್ನು ನಿದ್ರೆಗೆ ಅಣಿಮಾಡುವುದು. ಹದಿವಯಸ್ಸಿನಲ್ಲಿ ಇದು ಸ್ವಭಾವತಃ ತಡವಾಗಿಯೇ ಆಗುವುದು. ಪರದೆಯ ಬೆಳಕು ಇದನ್ನು ಇನ್ನಷ್ಟು ತಡಮಾಡುವುದು; ಬೆಳಕಿಗಿಂತಲೂ ಅದರೊಳಗಿನ ಸಂದೇಶ, ಹರಟೆ, ಒಂದರ ಹಿಂದೊಂದು ಬರುವ ಚಿತ್ರಗಳು ಮನಸ್ಸನ್ನು ಎಚ್ಚರವಾಗಿಡುವುವು. ಅರಕಲಗೂಡಿನ ಕಡೆಯ ಹಳ್ಳಿಯೊಂದರಿಂದ ಹಾಸನಕ್ಕೆ ಬರುವ ಹುಡುಗಿಯ ಲೆಕ್ಕವನ್ನು ಹಾಕಿ ನೋಡಿರಿ. ಅಂಗಳ ಗುಡಿಸಿ, ನೀರು ತುಂಬಿ, ಬೆಳಗಿನ ಬಸ್ಸು ಹಿಡಿಯಬೇಕಾದರೆ ಐದೂವರೆಗೆ ಏಳಬೇಕು. ರಾತ್ರಿ ಹನ್ನೊಂದೂವರೆಗೆ ಮಲಗಿದರೆ ದೊರೆತದ್ದು ಆರೇ ಗಂಟೆ. ದಿನಕ್ಕೆ ಎರಡು ಗಂಟೆಯಂತೆ ಶನಿವಾರದ ಹೊತ್ತಿಗೆ ಹನ್ನೆರಡು ಗಂಟೆಗಳ ಸಾಲ. ಮಧ್ಯಾಹ್ನದ ಗಣಿತ ಪಾಠದಲ್ಲಿ ಅವಳು ತೂಕಡಿಸಿದರೆ ಅದು ಸೋಮಾರಿತನವಲ್ಲ. ಮಲಗುವ ಒಂದು ಗಂಟೆ ಮುಂಚೆ ಮನೆಯ ಎಲ್ಲ ಮೊಬೈಲುಗಳನ್ನೂ, ಹುಡುಗಿಯದನ್ನು ಮಾತ್ರವಲ್ಲ, ನಡುಮನೆಯಲ್ಲಿ ಚಾರ್ಜಿಗೆ ಹಾಕುವ ಪದ್ಧತಿಯನ್ನು ನಾವು ಶಿಫಾರಸು ಮಾಡುವೆವು.

2025ರ ಜೂನ್ ತಿಂಗಳಲ್ಲಿ ನಮ್ಮ ಜಿಲ್ಲೆಯಲ್ಲಿ ಹೃದಯಾಘಾತದಿಂದ ಜನರು, ಅವರಲ್ಲಿ ಕೆಲವರು ಎಳೆಯ ವಯಸ್ಸಿನವರು, ತೀರಿಕೊಂಡ ವರ್ತಮಾನವು ನಾಡನ್ನೆಲ್ಲ ಕಲಕಿತು. ಸರ್ಕಾರವು ತಜ್ಞರ ಸಮಿತಿಯನ್ನು ನೇಮಿಸಿತು. ಮರಣಗಳ ಸಂಖ್ಯೆ ಅಸಹಜವಾಗಿ ಏರಿಲ್ಲವೆಂದು ಅದು ಕಂಡುಕೊಂಡಿತು. ಇದಕ್ಕೂ ಪರದೆಗೂ ನಂಟು ಕಟ್ಟುವುದು ಸರಿಯಲ್ಲ. ಆದರೆ ಆ ಭಯವು ಮನೆಮನೆಗೆ ಬಂದದ್ದು ಮೊಬೈಲಿನ ಮೂಲಕವೇ. ನಿಜವೂ ಸುಳ್ಳೂ ಬೆರೆತ ಸುದ್ದಿಯನ್ನು ದಿನಕ್ಕೆ ಹತ್ತು ಸಲ ನೋಡಿ ಜನರು ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಸಾಲುಗಟ್ಟಿ ನಿಂತರು. ಹಿರಿಯರನ್ನೇ ಹೀಗೆ ಕಂಗೆಡಿಸುವ ವಸ್ತುವು, ಗೆಳತಿಯರ ಒಂದು ಕುಹಕದ ಮಾತನ್ನು ಹೊತ್ತುತಂದಾಗ ಹದಿನಾಲ್ಕು ವರುಷದವಳ ಮನಸ್ಸು ಏನಾದೀತು! ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಈ ಬಗೆಯ ತೊಂದರೆಗಳಿಗಾಗಿಯೇ 2014ರಲ್ಲಿ ಪ್ರತ್ಯೇಕ ಚಿಕಿತ್ಸಾಲಯವನ್ನು ತೆರೆದಿರುವರು.

ಮಕ್ಕಳ ಶರೀರಕ್ಕೆ ದಿನಕ್ಕೆ ಸರಾಸರಿ 60 ನಿಮಿಷಗಳ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ತಿಳಿಸಿತು. ಲೋಕದಲ್ಲಿ 11ರಿಂದ 17 ವಯಸ್ಸಿನವರಲ್ಲಿ ಇಷ್ಟು ಚಟುವಟಿಕೆಯಿಲ್ಲದವರು 2016ರ ಲೆಕ್ಕದಂತೆ ಹುಡುಗರಲ್ಲಿ ನೂರಕ್ಕೆ 78, ಹುಡುಗಿಯರಲ್ಲಿ 85. ಈ ಅಂತರಕ್ಕೆ ಕಾರಣವನ್ನು ನಮ್ಮ ಬೀದಿಗಳಲ್ಲಿಯೇ ಕಾಣಬಹುದು. ಸಂಜೆಯಾದೊಡನೆ ಬಯಲೆಲ್ಲ ಹುಡುಗರ ಕ್ರಿಕೆಟಿಗೆ ಸೇರುವುದು. ಹುಡುಗಿಯು ದೊಡ್ಡವಳಾದೊಡನೆ ಕುಂಟೆಬಿಲ್ಲೆ, ಖೊ-ಖೊ, ಹಗ್ಗದಾಟ ಎಲ್ಲವೂ ನಿಲ್ಲುವುವು. ಬಯಲಿಗೆ ಹೋಗಬೇಡ, ಜೋರಾಗಿ ನಗಬೇಡ ಎಂಬ ಮಾತುಗಳೇ ಉಳಿಯುವುವು. ನಾಲ್ಕು ಗೋಡೆಗಳ ನಡುವೆ ಅವಳಿಗೆ ಉಳಿದ ಕಿಟಕಿ ಆ ಸಣ್ಣ ಪರದೆಯೊಂದೇ. ಅದನ್ನೂ ಕಸಿದು ಬಯಲನ್ನೂ ಕೊಡದಿದ್ದರೆ ಅವಳ ಕಣ್ಣಿಗೆ ಬೆಳಕಾಗಲಿ ಕಾಲಿಗೆ ನಡಿಗೆಯಾಗಲಿ ಎಲ್ಲಿಂದ ಬಂದೀತು? 2006-07ರಿಂದ ಹಲವು ವರ್ಷ ಸರ್ಕಾರವು ಎಂಟನೆಯ ತರಗತಿಯವರಿಗೆ ಬೈಸಿಕಲ್ಲು ಕೊಟ್ಟಾಗ ಹಳ್ಳಿಯ ಹುಡುಗಿಯರು ರಸ್ತೆಯಲ್ಲಿ ಸಾಲಾಗಿ ಹೊರಟದ್ದನ್ನು ನೋಡಿದವರಿಗೆ ನಮ್ಮ ಮಾತು ಅರ್ಥವಾಗುವುದು.

ಬೆಳಗಾವಿಯ ಸುವರ್ಣ ವಿಧಾನಸೌಧದ ಬಳಿಯಿರುವ ಹಲಗಾ ಗ್ರಾಮದವರು ಒಂದು ಏರ್ಪಾಡು ಮಾಡಿದರು. ಸಂಜೆ ಏಳಕ್ಕೆ ಸೈರನ್ ಕೂಗಿದೊಡನೆ ಊರಿನವರು ದೂರದರ್ಶನವನ್ನೂ ಮೊಬೈಲನ್ನೂ ಎರಡು ಗಂಟೆ ಆರಿಸಬೇಕು. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಹಳ್ಳಿಯೊಂದರಲ್ಲಿ 2022ರಲ್ಲಿ ಆರಂಭವಾದ ಪದ್ಧತಿಯೇ ಇದಕ್ಕೆ ಮಾದರಿ. ತಾಯಿಯ ಧಾರಾವಾಹಿಯೂ ತಂದೆಯ ವಾಟ್ಸಾಪೂ ಒಟ್ಟಿಗೆ ನಿಲ್ಲುವುದರಿಂದ ಇದು ನಮಗೆ ಮೆಚ್ಚಿಗೆಯಾಗಿದೆ. ಆದರೂ ಆ ಎರಡು ಗಂಟೆಗಳು ಓದಿಗೆ ಮೀಸಲು. ಶರೀರದ ಪಾಲು ಅದಕ್ಕೆ ಮುಂಚೆ, ಬಿಸಿಲಿರುವಾಗಲೇ, ಸಲ್ಲಬೇಕು.

ಕಡೆಯದಾಗಿ ಕನ್ನಡಕದ ಮಾತು. ಹುಡುಗಿಗೆ ಕನ್ನಡಕ ಹಾಕಿಸಿದರೆ ನಾಳೆ ಗಂಡು ಸಿಗುವುದು ಕಷ್ಟವೆಂದು ಕಣ್ಣಿನ ಪರೀಕ್ಷೆಯನ್ನೇ ಮುಂದೂಡುವ ಮನೆಗಳು ಈಗಲೂ ಇರುವುವು. ಕನ್ನಡಕದಿಂದಲೇ ಕಣ್ಣು ಕೆಡುವುದೆಂದು ನಂಬಿದವರೂ ಉಂಟು. ಸರಿಯಾದ ಕನ್ನಡಕವು ಕಣ್ಣನ್ನು ಕೆಡಿಸುವುದಿಲ್ಲ. ಪರೀಕ್ಷೆಯೂ ಸುಲಭ: ಅಕ್ಷರಗಳ ಪಟವನ್ನು ಆರು ಮೀಟರು ದೂರದಲ್ಲಿ ತೂಗುಹಾಕಿ, ಒಂದೊಂದು ಕಣ್ಣನ್ನು ಅಂಗೈಯಿಂದ ಮುಚ್ಚಿ ಓದಿಸಬೇಕು. ಕೆಳಗಿನ ಸಾಲುಗಳು ಕಾಣದಿದ್ದರೆ ಹಾಸನದ ಶ್ರೀ ಚಾಮರಾಜೇಂದ್ರ ಆಸ್ಪತ್ರೆಯ ನೇತ್ರವಿಭಾಗಕ್ಕೆ ಕರೆದೊಯ್ಯಬಹುದು. ಅಂಧತ್ವ ನಿವಾರಣೆಯ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಬಡ ಶಾಲಾಮಕ್ಕಳಿಗೆ ಕನ್ನಡಕವನ್ನು ಉಚಿತವಾಗಿ ಕೊಡುವ ಏರ್ಪಾಡೂ ಉಂಟು.